ಅನಿಮೇಷನ್ ಸಾಫ್ಟ್‌ವೇರ್ ಬದಲಿಸಬೇಕಾ? ದಾವಣಗೆರೆಯಲ್ಲಿ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ದಾವಣಗೆರೆಯಲ್ಲಿ ಎರಡು ರೂಮಿನ ಅನಿಮೇಷನ್ ಅಂಗಡಿ. ಬಟ್ಟೆ ಅಂಗಡಿಗಳ ಜಾಹೀರಾತು, ಶಾಲೆಗಳಿಗೆ ಪಾಠದ ವಿಡಿಯೋ, ವಾಟ್ಸಾಪ್‌ನಲ್ಲಿ ಕಳಿಸುವ ಲಗ್ನಪತ್ರಿಕೆ, ಸರ್ಕಲ್‌ನ ಎಲ್‌ಇಡಿ ಪರದೆಗೆ ಹತ್ತು ಸೆಕೆಂಡಿನ ತುಣುಕು. ಇದೇ ನಮ್ಮ ಅನ್ನ. ಸಂಜೆ ಒಂದಿಷ್ಟು ಹುಡುಗ ಹುಡುಗಿಯರಿಗೆ ಕಲಿಸುತ್ತೇನೆ. ಈಚೆಗೆ ಫೋನ್ ಮಾಡುವವರೆಲ್ಲ ಒಂದೇ ಮಾತು ಕೇಳುತ್ತಾರೆ: "ಸರ್, ಎಲ್ಲಾ ಸಾಫ್ಟ್‌ವೇರ್ ಕಂಪನಿ ಒಂದಾಗ್ತಾ ಇವೆ, ಸಾಫ್ಟ್‌ವೇರ್ ಬಾಡಿಗೆ ಏರ್ತಾ ಇದೆ, ಏನ್ ಮಾಡೋದು?" ಹೇಳಿ ಹೇಳಿ ಗಂಟಲು ಒಣಗಿತು. ಅದಕ್ಕೇ ಬರೆದಿಟ್ಟಿದ್ದೇನೆ.

ಅಷ್ಟಕ್ಕೂ ಆಗಿರುವುದೇನು?

ಮೊದಲು ತ್ರೀಡಿ ಕಡೆ ನೋಡೋಣ. ತ್ರೀಡಿ ಅನಿಮೇಷನ್ ಮಾಡುವ ತ್ರೀಡಿಎಸ್ ಮ್ಯಾಕ್ಸ್ ಎಂಬ ಸಾಫ್ಟ್‌ವೇರ್ ಮೊದಲಿಂದಲೂ ಆಟೋಡೆಸ್ಕ್ ಕಂಪನಿಯದು. ಅಂಥದ್ದೇ ಇನ್ನೊಂದು, ಮಾಯಾ, ಏಲಿಯಸ್ ಎಂಬ ಬೇರೆ ಕಂಪನಿಯದಾಗಿತ್ತು. 2006ರ ಜನವರಿಯಲ್ಲಿ ಆಟೋಡೆಸ್ಕ್ ಆ ಕಂಪನಿಯನ್ನೇ ಕೊಂಡಿತು. ಮೂರನೆಯದು ಸಾಫ್ಟ್‌ಇಮೇಜ್. ಅದನ್ನು 2008ರಲ್ಲಿ ಆವಿಡ್ ಕಂಪನಿಯಿಂದ ಕೊಂಡಿತು. ಹೀಗೆ ಒಂದಕ್ಕೊಂದು ಪೈಪೋಟಿ ಕೊಡುತ್ತಿದ್ದ ಮೂರೂ ಒಂದೇ ಸೂರಿನಡಿ ಬಂದವು. ಆರು ವರ್ಷ ಕಳೆದು, 2014ರ ಮಾರ್ಚ್‌ನಲ್ಲಿ, ಸಾಫ್ಟ್‌ಇಮೇಜ್ ಇನ್ನು ಮುಂದೆ ಬೆಳೆಯುವುದಿಲ್ಲ ಅಂತ ಹೇಳಿಬಿಟ್ಟರು. ಸಾಫ್ಟ್‌ಇಮೇಜ್ 2015 ಕೊನೆಯ ಆವೃತ್ತಿ. ಹದಿನೈದು ವರ್ಷ ಅದರಲ್ಲೇ ಕೈ ಪಳಗಿಸಿಕೊಂಡವರಿಗೆ "ಮಾಯಾಕ್ಕೋ ಮ್ಯಾಕ್ಸ್‌ಗೋ ಹೋಗಿ" ಎಂದರು. 2016ರಿಂದ ಆಟೋಡೆಸ್ಕ್ ಒಂದೇ ಸಲ ಕೊಂಡು ಇಟ್ಟುಕೊಳ್ಳುವ ಲೈಸೆನ್ಸನ್ನೂ ನಿಲ್ಲಿಸಿತು. ಆಮೇಲೆ ಎಲ್ಲವೂ ಬಾಡಿಗೆ.

ಟೂಡಿ ಕಡೆ ಅಡೋಬಿ. 2005ರಲ್ಲಿ ಸುಮಾರು 340 ಕೋಟಿ ಡಾಲರ್ ಕೊಟ್ಟು ಮ್ಯಾಕ್ರೋಮೀಡಿಯಾವನ್ನು ಕೊಂಡಿತು. ಟೂಡಿ ಅನಿಮೇಷನ್ ಮಾಡುವ ಫ್ಲ್ಯಾಶ್ ಅದರ ಕೈಗೆ ಬಂದದ್ದು ಹಾಗೆ. 2013ರಲ್ಲಿ ಕ್ರಿಯೇಟಿವ್ ಕ್ಲೌಡ್ ಬಾಡಿಗೆ ಪದ್ಧತಿಯೇ ಗತಿ ಆಯಿತು. ಡಬ್ಬಿಯಲ್ಲಿ ಕೊಂಡುಕೊಳ್ಳುವ ಸಿಎಸ್6 ಅಲ್ಲಿಗೆ ಕೊನೆ. 2016ರಲ್ಲಿ ಫ್ಲ್ಯಾಶ್ ಪ್ರೊಫೆಷನಲ್‌ನ ಹೆಸರು ಅನಿಮೇಟ್ ಎಂದಾಯಿತು. 2020ರ ಕೊನೆಗೆ ಫ್ಲ್ಯಾಶ್ ಪ್ಲೇಯರ್ ನಿಂತಿತು.

ಇದರಲ್ಲಿ ನನಗೆ ತುಂಬಾ ನಗು ತರಿಸುವುದು ಫ್ರೀಹ್ಯಾಂಡ್ ಕಥೆ. 1994ರಲ್ಲಿ ಅಡೋಬಿ ಆಲ್ಡಸ್ ಕಂಪನಿಯನ್ನು ಕೊಂಡಾಗ, ಚಿತ್ರ ಬಿಡಿಸುವ ಪೈಪೋಟಿ ಸಾಫ್ಟ್‌ವೇರ್‌ಗಳಾದ ಅಡೋಬಿಯ ಇಲಸ್ಟ್ರೇಟರ್ ಮತ್ತು ಆಲ್ಡಸ್‌ನ ಫ್ರೀಹ್ಯಾಂಡ್ ಎರಡೂ ಒಬ್ಬರ ಕೈಗೆ ಹೋಗಬಾರದು ಅಂತ ಅಮೆರಿಕದ ಸರ್ಕಾರಿ ಆಯೋಗ ಅಡ್ಡ ನಿಂತಿತು. ಫ್ರೀಹ್ಯಾಂಡ್ ತನ್ನ ಹಳೆಯ ಒಡೆಯರಿಗೆ ವಾಪಸ್ ಹೋಯಿತು. ಅವರನ್ನು ಮ್ಯಾಕ್ರೋಮೀಡಿಯಾ ಕೊಂಡಿತು. 2005ರಲ್ಲಿ ಮ್ಯಾಕ್ರೋಮೀಡಿಯಾವನ್ನೇ ಅಡೋಬಿ ಕೊಂಡಿತು! 2007ರಲ್ಲಿ ಫ್ರೀಹ್ಯಾಂಡ್ ಕೆಲಸ ನಿಂತಿತು. ಮುಂಬಾಗಿಲಿಂದ ಕಳಿಸಿದ್ದು ಹಿತ್ತಿಲಿಂದ ಬಂತು ಅಷ್ಟೇ.

ಅದೆಲ್ಲ ಅಮೆರಿಕದ ಮಾತು. ನಮ್ಮೂರಿಗೆ ಏನು?

ಪೇಜ್‌ಮೇಕರ್ ನೆನಪಿದೆಯಾ? ನಮ್ಮೂರಿನ ಡಿಟಿಪಿ ಅಂಗಡಿಗಳಲ್ಲಿ ಲಗ್ನಪತ್ರಿಕೆಯಿಂದ ಕರಪತ್ರದ ತನಕ ಅದರಲ್ಲೇ. ಅದೂ ಆಲ್ಡಸ್ ಜೊತೆ 1994ರಲ್ಲಿ ಅಡೋಬಿಗೆ ಹೋದದ್ದೇ. ವಿಡಿಯೋದಲ್ಲಿ ಅಕ್ಷರ, ಚಿತ್ರ ಓಡಾಡಿಸುವ ಆಫ್ಟರ್ ಎಫೆಕ್ಟ್ಸ್ ಕೂಡ ಅದೇ ವ್ಯಾಪಾರದಲ್ಲಿ ಹೋಯಿತು. ಪೇಜ್‌ಮೇಕರ್‌ನ ಕೊನೆಯ ದೊಡ್ಡ ಆವೃತ್ತಿ 7, ಬಂದದ್ದು 2001ರಲ್ಲಿ. ನನಗೆ ಗೊತ್ತಿರುವ ಒಬ್ಬ ಹಿರಿಯರು ಇವತ್ತಿಗೂ ಒಂದು ಹಳೆಯ ಕಂಪ್ಯೂಟರನ್ನು ಬಟ್ಟೆ ಮುಚ್ಚಿ ಇಟ್ಟಿದ್ದಾರೆ. ಅದರಲ್ಲಿ ಇಪ್ಪತ್ತು ವರ್ಷದ ಪೇಜ್‌ಮೇಕರ್ ಫೈಲುಗಳಿವೆ. ಅಕ್ಷರ ಬೇರೆ ಹಳೆಯ ನುಡಿ ಫಾಂಟಿನವು. ಆ ಕಂಪ್ಯೂಟರ್ ಕೆಟ್ಟ ದಿನ ಅಷ್ಟೂ ಕೆಲಸ ಗೋವಿಂದ.

ಸಾಫ್ಟ್‌ವೇರ್ ಹೋಗುವುದು ದೊಡ್ಡ ಮಾತಲ್ಲ. ಅದರ ಹೊಟ್ಟೆಯೊಳಗಿನ ನಿಮ್ಮ ಫೈಲುಗಳೂ ಅದರ ಜೊತೆ ಹೋಗುತ್ತವಲ್ಲ, ಅದು. ಈ ಪುಟದಲ್ಲಿ ನಾನು ಏನೇ ಹೇಳಿದರೂ ಸುತ್ತಿ ಬಳಸಿ ಇಲ್ಲಿಗೇ ಬರುತ್ತೇನೆ.

ಕೆಲಸ ಬರ್ತಾ ಇದೆ, ಬಾಡಿಗೆ ಕಟ್ಟಿದರಾಯ್ತು, ಅಲ್ವಾ?

ಕಟ್ಟುವ ಶಕ್ತಿ ಇದ್ದು, ಅದರಿಂದ ದುಡ್ಡು ದುಡಿಯುತ್ತಿದ್ದರೆ ಧಾರಾಳವಾಗಿ ಕಟ್ಟಿ. ನಾನೂ ಕಟ್ಟುತ್ತಿದ್ದೆ. ನಿಲ್ಲಿಸಿದ್ದು ದುಡ್ಡಿಗಾಗಿ ಅಲ್ಲ.

2021ರ ಅಕ್ಟೋಬರ್ 1ರಿಂದ ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವ ವ್ಯವಸ್ಥೆಗೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಜಾರಿಗೆ ಬಂತು. 5,000 ರೂಪಾಯಿ ದಾಟಿದರೆ ಪ್ರತಿ ಸಲ ಓಟಿಪಿ ಕೊಡಬೇಕು. (ಆಮೇಲೆ ಈ ಮಿತಿಯನ್ನು 15,000ಕ್ಕೆ ಏರಿಸಿದರು.) ನಿಯಮ ಒಳ್ಳೆಯದೇ, ನಾನು ಗಮನಿಸಿರಲಿಲ್ಲ. ನನ್ನ ವರ್ಷದ ಕಂತು ಆ ತಿಂಗಳೇ ಬಂದಿತ್ತು. ಹಣ ಕಡಿತವಾಗಲಿಲ್ಲ. ದೀಪಾವಳಿ ಜಾಹೀರಾತು ಅರ್ಧ ಆಗಿದ್ದಾಗ ಸಾಫ್ಟ್‌ವೇರ್ ಬಾಗಿಲು ಹಾಕಿಕೊಂಡಿತು. ಗ್ರಾಹಕ ಸೇವೆಗೆ ಬರೆದರೆ ಎರಡು ದಿನ ಒಂದೇ ಸಿದ್ಧ ಉತ್ತರ. ಬಟ್ಟೆ ಅಂಗಡಿ ಮಾಲೀಕರು ಮಧ್ಯಾಹ್ನ ಮೂರು ಸಲ ಫೋನ್ ಮಾಡಿದರು. ನಾನು ಬಿಡಿಸಿದ ಚಿತ್ರ, ನಾನು ಕೂರಿಸಿದ ಚಲನೆ, ನನ್ನ ಹಾರ್ಡ್‌ಡಿಸ್ಕಿನಲ್ಲೇ ಇದೆ. ತೆರೆದು ನೋಡುವ ಹಾಗಿಲ್ಲ. ಹತ್ತಿ ನಮ್ಮದು, ಗಿರಣಿ ಅವರದು. ಗಿರಣಿಗೆ ಬೀಗ ಬಿದ್ದರೆ ಒಳಗಿನ ಹತ್ತಿಯನ್ನು ಮುಟ್ಟುವ ಹಾಗಿಲ್ಲ. ಗಿರಣಿಗಳ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೇ ದಿನ ತೆರೆಯಿತು. ಜಾಹೀರಾತೂ ಹೋಯಿತು. ಆದರೆ ಆ ದೀಪಾವಳಿ ರಜೆಯಲ್ಲೇ ನಾನು ಬ್ಲೆಂಡರ್ ಎಂಬ ಓಪನ್ ಸೋರ್ಸ್ ತ್ರೀಡಿ ಸಾಫ್ಟ್‌ವೇರ್ ಇಳಿಸಿಕೊಂಡೆ.

ಕ್ರ್ಯಾಕ್ ಹಾಕಿಕೊಂಡರೆ?

ನಾವೆಲ್ಲ ಕಲಿತದ್ದೇ ಹಾಗೆ, ಸುಳ್ಳು ಹೇಳುವುದಿಲ್ಲ. ಒಂದು ಕಾಲದಲ್ಲಿ ಸಿಡಿ ಮೇಲೆ ಮಾರ್ಕರ್ ಪೆನ್ನಲ್ಲಿ ಹೆಸರು ಬರೆದು ಕೊಡುತ್ತಿದ್ದರು. ಈಗ ಬೇಡ. ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ ಗೊತ್ತಿದ್ದೂ ಕಳ್ಳಪ್ರತಿ ಬಳಸಿದರೆ ಏಳು ದಿನದಿಂದ ಮೂರು ವರ್ಷದ ತನಕ ಜೈಲು, 50,000ದಿಂದ 2 ಲಕ್ಷದ ತನಕ ದಂಡ. ಅದಕ್ಕಿಂತ ಹತ್ತಿರದ ಭಯ ಅಂದರೆ ಕ್ರ್ಯಾಕ್ ಜೊತೆ ಬರುವ ವೈರಸ್. ಪಕ್ಕದ ಅಂಗಡಿಯವರ ಪೂರ್ತಿ ಡಿಸ್ಕನ್ನೇ ಅದು ಬೀಗ ಹಾಕಿ ಕೂತಿತ್ತು.

ಫ್ರೀ ಅಂದರೂ ಓಪನ್ ಸೋರ್ಸ್ ಅಂದರೂ ಒಂದೇನಾ?

ಅಲ್ಲ. ಇಲ್ಲೇ ಜಾಸ್ತಿ ಜನ ಎಡವುವುದು. ವಿಡಿಯೋ ಎಡಿಟಿಂಗಿನ ಡಾವಿಂಚಿ ರಿಸಾಲ್ವ್‌ನಲ್ಲಿ ಬಿಟ್ಟಿ ಆವೃತ್ತಿ ಇದೆ. ಒಳ್ಳೆಯ ಸಾಫ್ಟ್‌ವೇರ್, ನಾನೂ ಬಳಸುತ್ತೇನೆ. ಆದರೆ ಅದು ಓಪನ್ ಸೋರ್ಸ್ ಅಲ್ಲ. ನಾಳೆ ಬಿಟ್ಟಿ ಕೊಡುವುದಿಲ್ಲ ಅಂದರೆ ಕೇಳುವ ಹಾಗಿಲ್ಲ. ಅಡೋಬಿ ಸಾಕು ಅಂತ ಎಷ್ಟೋ ಜನ ಅಫಿನಿಟಿ ಎಂಬ ಡಿಸೈನ್ ಸಾಫ್ಟ್‌ವೇರಿಗೆ ಹೋದರು, ಒಂದೇ ಸಲ ದುಡ್ಡು ಕೊಟ್ಟರೆ ಸಾಕು ಅಂತ. 2024ರ ಮಾರ್ಚ್‌ನಲ್ಲಿ ಅಫಿನಿಟಿಯನ್ನು ಕ್ಯಾನ್ವಾ ಕೊಂಡಿತು. ಒಂದು ದೊಡ್ಡ ಕಂಪನಿ ಬಿಟ್ಟು ಓಡಿದವರು ಇನ್ನೊಂದರ ಅಂಗಳದಲ್ಲಿ ನಿಂತರು.

ಓಪನ್ ಸೋರ್ಸ್ ಅಂದರೆ ಸಾಫ್ಟ್‌ವೇರಿನ ಜೊತೆ ಅದರ ಕೋಡನ್ನೂ ಎಲ್ಲರಿಗೂ ಬಿಟ್ಟುಕೊಡುವುದು, ಅಡುಗೆಯ ಜೊತೆ ಅಳತೆಯನ್ನೂ ಕೊಟ್ಟ ಹಾಗೆ. ಹೋಟೆಲ್ ಮುಚ್ಚಿದರೂ ಆ ದೋಸೆ ಹಿಟ್ಟು ಎಲ್ಲರಿಗೂ ಗೊತ್ತು. (ಬೆಣ್ಣೆ ದೋಸೆಯ ಅಳತೆ ಕೇಳಿದರೆ ಮಾತ್ರ ನಮ್ಮೂರಲ್ಲಿ ಯಾರೂ ಹೇಳುವುದಿಲ್ಲ.)

ನಾಳೆ ಬ್ಲೆಂಡರನ್ನೂ ಯಾರಾದರೂ ಕೊಂಡುಕೊಂಡರೆ?

ಬ್ಲೆಂಡರ್ ಹುಟ್ಟಿದ್ದೇ ಅಂಥದ್ದೊಂದು ಸಾವಿನಿಂದ. ನೆದರ್ಲೆಂಡ್ಸ್‌ನ ನಿಯೋಜಿಯೋ ಎಂಬ ಸ್ಟುಡಿಯೋದಲ್ಲಿ ಟಾನ್ ರೂಸೆಂಡಾಲ್ 1994ರಲ್ಲಿ ತಮ್ಮ ಕೆಲಸಕ್ಕೆ ಅಂತ ಮಾಡಿಕೊಂಡದ್ದು. 1998ರಲ್ಲಿ ಅದಕ್ಕಾಗಿ ಒಂದು ಕಂಪನಿ ಕಟ್ಟಿದರು. 2002ರಲ್ಲಿ ದುಡ್ಡು ಹಾಕಿದವರು ಅಂಗಡಿ ಮುಚ್ಚಿದರು. ಆಗ ಟಾನ್ ಆ ದುಡ್ಡು ಹಾಕಿದವರನ್ನೇ ಕೇಳಿದರು, ಎಷ್ಟು ಕೊಟ್ಟರೆ ಇದರ ಕೋಡನ್ನು ಎಲ್ಲರಿಗೂ ಬಿಟ್ಟುಕೊಡುತ್ತೀರಿ? ಒಂದು ಲಕ್ಷ ಯೂರೋ ಅಂದರು. ಬಳಸುವವರೇ ವಂತಿಗೆ ಎತ್ತಿದರು. ಏಳು ವಾರದಲ್ಲಿ ದುಡ್ಡು ಕೂಡಿತು. ಊರಲ್ಲಿ ಜಾತ್ರೆಗೆ ಪಟ್ಟಿ ಎತ್ತುತ್ತಾರಲ್ಲ, ಹಾಗೆ. 2002ರ ಅಕ್ಟೋಬರ್ 13ರಂದು ಜಿಪಿಎಲ್ ಲೈಸೆನ್ಸ್ ಅಡಿಯಲ್ಲಿ ಕೋಡ್ ಹೊರಬಂತು.

ಆ ಲೈಸೆನ್ಸ್‌ನ ಗುಣ ಏನೆಂದರೆ, ಒಮ್ಮೆ ಬಿಟ್ಟುಕೊಟ್ಟ ಕೋಡನ್ನು ವಾಪಸ್ ಕಿತ್ತುಕೊಳ್ಳಲು ಆಗದು. ಓಪನ್ ಸೋರ್ಸ್ ಲೋಕದಲ್ಲೂ ಕೊಳ್ಳುವುದು ಮಾರುವುದು ನಡೆಯುತ್ತದೆ. 2010ರಲ್ಲಿ ಒರೇಕಲ್ ಸನ್ ಕಂಪನಿಯನ್ನು ಕೊಂಡಾಗ ಪತ್ರ, ಲೆಕ್ಕ ಬರೆಯುವ ಓಪನ್‌ಆಫೀಸ್ ಅದರ ಕೈಗೆ ಹೋಯಿತು. ಅದೇ ವರ್ಷ ಅದರ ಕೋಡ್ ಬರೆಯುವವರು ಎದ್ದು ಹೊರಬಂದು ಲಿಬ್ರೆಆಫೀಸ್ ಕಟ್ಟಿದರು. ಧ್ವನಿಗೆ ಬಳಸುವ ಆಡಾಸಿಟಿ 2021ರಲ್ಲಿ ಮ್ಯೂಸ್ ಗ್ರೂಪ್‌ಗೆ ಹೋಯಿತು. ಬಳಸುವವರ ಮಾಹಿತಿ ಸಂಗ್ರಹದ ಬಗ್ಗೆ ದೊಡ್ಡ ಗಲಾಟೆ ಆಯಿತು, ಕೆಲವರು ಕೋಡ್ ಎತ್ತಿಕೊಂಡು ಬೇರೆ ಮನೆ ಮಾಡಿದರು. ಸಾಫ್ಟ್‌ಇಮೇಜ್ ಬಳಸುವವರಿಗೆ 2014ರಲ್ಲಿ ಈ ದಾರಿ ಇರಲಿಲ್ಲ.

ದೊಡ್ಡವರ ದುಡ್ಡು ಬ್ಲೆಂಡರಿಗೂ ಬರುತ್ತದೆ ಅನ್ನುವುದನ್ನು ಮುಚ್ಚಿಡುವುದಿಲ್ಲ. 2019ರಲ್ಲಿ ಎಪಿಕ್ ಗೇಮ್ಸ್ ಒಂದೇ 12 ಲಕ್ಷ ಡಾಲರ್ ನೆರವು ಘೋಷಿಸಿತು. ಬರಲಿ ಬಿಡಿ. ಪಟ್ಟಿಯಲ್ಲಿ ಸಾಹುಕಾರರ ಹೆಸರು ಮೇಲಿದ್ದರೂ ದೇವಸ್ಥಾನ ಅವರದಾಗುವುದಿಲ್ಲ.

ಯಾವುದರ ಬದಲು ಯಾವುದು?

ಮಾಯಾ, ಮ್ಯಾಕ್ಸ್ ಬದಲು ಬ್ಲೆಂಡರ್. ಇದರಲ್ಲಿ ಎರಡು ಮಾತಿಲ್ಲ.

ಕಾಗದದ ಮೇಲೆ ಬಿಡಿಸಿದ ಹಾಗೆ ಚೌಕಟ್ಟಿಗೊಂದು ಚಿತ್ರ ಬರೆಯುವವರಿಗೆ ಓಪನ್‌ಟೂನ್ಜ್. ಇದರ ಮೂಲ ಇಟಲಿಯ ಟೂನ್ಜ್. ಜಪಾನಿನ ಸ್ಟುಡಿಯೋ ಘಿಬ್ಲಿ ತನಗೆ ಬೇಕಾದ ಹಾಗೆ ತಿದ್ದಿಸಿಕೊಂಡು ವರ್ಷಗಟ್ಟಲೆ ಬಳಸಿದ್ದು ಇದನ್ನೇ. 2016ರಲ್ಲಿ ಡ್ವಾಂಗೋ ಕಂಪನಿ ಓಪನ್ ಸೋರ್ಸ್ ಮಾಡಿತು. ಮೊದಲ ದಿನ ತಲೆ ಕೆಡುತ್ತದೆ, ಯಾವ ಬಟನ್ ಎಲ್ಲಿದೆ ಅಂತಲೇ ತಿಳಿಯದು. ಹಾಗಾದರೆ ಅದರದೇ ಕವಲು ಟಹೋಮಾಟೂಡಿ ತಗೊಳ್ಳಿ, ಸ್ವಲ್ಪ ಸಲೀಸು. ಚಿಕ್ಕ ಮಕ್ಕಳಿಗೆ ಪೆನ್ಸಿಲ್‌ಟೂಡಿ ಸಾಕು. ಚಿತ್ರ ಬರೆಯುವ ಸುಖವೇ ಮುಖ್ಯ ಅನ್ನುವವರಿಗೆ ಕ್ರಿಟಾ. ಅದಕ್ಕೆ 2016ರ ಮೂರನೇ ಆವೃತ್ತಿಯಿಂದ ಅನಿಮೇಷನ್ನೂ ಬಂದಿದೆ. ಕೈಕಾಲು ಬೇರೆ ಬೇರೆ ಕತ್ತರಿಸಿ ಜೋಡಿಸಿದ ಬೊಂಬೆಗಳನ್ನು ಆಡಿಸುವವರಿಗೆ ಸಿನ್‌ಫಿಗ್ ಇದೆ. ನನಗೆ ಅದು ಒಗ್ಗಲಿಲ್ಲ. ನಾನು ಆ ಕೆಲಸವನ್ನೂ ಬ್ಲೆಂಡರಿನ ಗ್ರೀಸ್ ಪೆನ್ಸಿಲ್‌ನಲ್ಲೇ ಮಾಡುತ್ತೇನೆ. ತ್ರೀಡಿ ಜಾಗದೊಳಗೇ ಟೂಡಿ ಗೆರೆ ಎಳೆಯಬಹುದು. ತೊಗಲುಬೊಂಬೆ ಥರದ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ.

ಕೋರೆಲ್‌ಡ್ರಾ, ಇಲಸ್ಟ್ರೇಟರ್ ಬದಲು ಇಂಕ್‌ಸ್ಕೇಪ್. ಎಡಿಟಿಂಗಿಗೆ ಕೆಡೆನ್‌ಲೈವ್.

ಆಫ್ಟರ್ ಎಫೆಕ್ಟ್ಸ್ ಬದಲು?

ಸರಿಸಾಟಿ ಇಲ್ಲ. ಬ್ಲೆಂಡರಿನ ಕಂಪೋಸಿಟರ್ ಇದೆ, ನ್ಯಾಟ್ರಾನ್ ಇದೆ. ಆದರೆ ಅಕ್ಷರ ಹಾರಿಸಿ, ತಿರುಗಿಸಿ, ಅರ್ಧ ಗಂಟೆಯಲ್ಲಿ ಲಗ್ನಪತ್ರಿಕೆ ವಿಡಿಯೋ ಮಾಡುವ ಆ ವೇಗ ಬರುವುದಿಲ್ಲ. ನಿಮ್ಮ ಹೊಟ್ಟೆಪಾಡು ರೆಡಿ ಟೆಂಪ್ಲೇಟುಗಳ ಮೇಲೇ ನಿಂತಿದ್ದರೆ ಸುಮ್ನೆ ಹಟಕ್ಕೆ ಬಿದ್ದು ಬಿಡಬೇಡಿ. ಅದೊಂದನ್ನು ಬಾಡಿಗೆಗೆ ಇಟ್ಟುಕೊಂಡು ಉಳಿದದ್ದು ಬದಲಿಸಿ. ಓಪನ್ ಸೋರ್ಸ್ ಏನು ಮಡಿಯಾ, ಒಂದು ಮುಟ್ಟಿದರೆ ಇನ್ನೊಂದು ಮೈಲಿಗೆ ಆಗೋಕೆ?

ಹಳೆಯ ಫೈಲುಗಳ ಗತಿ?

ಇದಕ್ಕೆ ಸಮಯ ಕೊಡಿ. ಬಾಡಿಗೆ ಮುಗಿಯುವ ಮೊದಲೇ ಕೊಡಿ, ಮುಗಿದ ಮೇಲೆ ಅಲ್ಲ.

ಮ್ಯಾಕ್ಸ್ ಫೈಲನ್ನು ಬ್ಲೆಂಡರ್ ನೇರವಾಗಿ ತೆರೆಯುವುದಿಲ್ಲ. ಮಾಯಾದ್ದೂ ಅಷ್ಟೇ. ಹಳೆಯ ಸಾಫ್ಟ್‌ವೇರ್ ಇನ್ನೂ ಓಡುತ್ತಿರುವಾಗಲೇ ಪ್ರತಿ ಮುಖ್ಯ ಫೈಲನ್ನು ಬೇರೆ ರೂಪದಲ್ಲಿ ಹೊರತೆಗೆಯಿರಿ. ಎಫ್‌ಬಿಎಕ್ಸ್ ಎಲ್ಲ ಕಡೆ ನಡೆಯುತ್ತದೆ, ಆದರೆ ಅದೂ ಆಟೋಡೆಸ್ಕ್‌ನ ಸ್ವಂತ ರೂಪವೇ. ಅದರ ಜೊತೆಗೆ ಅಲೆಂಬಿಕ್ ಅಥವಾ ಯುಎಸ್‌ಡಿ ಒಂದು ಪ್ರತಿ ಇಡಿ. ಯುಎಸ್‌ಡಿಯನ್ನು ಪಿಕ್ಸಾರ್ 2016ರಲ್ಲಿ ಓಪನ್ ಸೋರ್ಸ್ ಮಾಡಿದೆ. ಆಕಾರ ಬರುತ್ತದೆ, ಚಲನೆ ಬರುತ್ತದೆ. ಬೊಂಬೆಯ ರಿಗ್ ಬರುವುದಿಲ್ಲ. ಮೂಳೆಗಳು ಬಂದರೂ ಹಿಡಿದು ಆಡಿಸುವ ಹಿಡಿಗಳು ಬರುವುದಿಲ್ಲ. ಅದನ್ನು ಹೊಸದಾಗಿಯೇ ಕಟ್ಟಬೇಕು. ನಾನು ನಲವತ್ತು ಬೊಂಬೆಗಳಲ್ಲಿ ಆರನ್ನು ಮಾತ್ರ ಮತ್ತೆ ಕಟ್ಟಿದೆ. ಉಳಿದವನ್ನು ಯಾರೂ ಕೇಳಲಿಲ್ಲ, ನನಗೂ ನೆನಪಾಗಲಿಲ್ಲ.

ಶಾಲೆಗಳಿಗೆ ಮಾಡಿಕೊಟ್ಟ ಹಳೆಯ ಫ್ಲ್ಯಾಶ್ ಪಾಠಗಳಿದ್ದರೆ ಎಸೆಯಬೇಡಿ. ರಫಲ್ ಎಂಬ ಓಪನ್ ಸೋರ್ಸ್ ಸಾಧನ ಎಸ್‌ಡಬ್ಲ್ಯೂಎಫ್ ಫೈಲುಗಳನ್ನು ಓಡಿಸುತ್ತದೆ. ಜೆಪೆಕ್ಸ್ ಎಂಬ ಇನ್ನೊಂದು ಅವುಗಳ ಒಳಗಿನ ಚಿತ್ರ, ಧ್ವನಿಗಳನ್ನು ಬಿಡಿಸಿ ಕೊಡುತ್ತದೆ. ಮೂಲ ಫೈಲು ಕಳೆದುಹೋದ ಒಂದು ಮಗ್ಗಿ ಪಾಠವನ್ನು ನಾನು ಹಾಗೆ ಉಳಿಸಿಕೊಂಡೆ.

ಕನ್ನಡ ಅಕ್ಷರ ಸರಿಯಾಗಿ ಬರುತ್ತಾ?

ಇಂಕ್‌ಸ್ಕೇಪ್, ಕ್ರಿಟಾಗಳಲ್ಲಿ ಯೂನಿಕೋಡ್ ಕನ್ನಡ ಚೆನ್ನಾಗಿ ಬರುತ್ತದೆ. ಬ್ಲೆಂಡರಿನ ತ್ರೀಡಿ ಅಕ್ಷರದಲ್ಲಿ ನನಗೆ ಒತ್ತಕ್ಷರ ಒಡೆದು ಬಂತು. "ಚಿತ್ರದುರ್ಗ" ಬರೆದರೆ ಯಾವುದೋ ಗುಂಡು ಬಿದ್ದ ಕೋಟೆಯ ಥರ ಕಂಡಿತು. ದಾರಿ ಸುಲಭ. ಇಂಕ್‌ಸ್ಕೇಪಿನಲ್ಲಿ ಬರೆಯಿರಿ, ಅಕ್ಷರವನ್ನು ಗೆರೆಗಳಾಗಿ ಬದಲಿಸಿ, ಎಸ್‌ವಿಜಿಯಾಗಿ ಉಳಿಸಿ, ಬ್ಲೆಂಡರಿಗೆ ತನ್ನಿ, ದಪ್ಪ ಕೊಡಿ. ಗೆರೆ ಮಾಡುವ ಮೊದಲು ಕಾಗುಣಿತ ನೋಡಿಬಿಡಿ. ಆಮೇಲೆ ತಿದ್ದಲಾಗದು.

ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟಿನ ಪಠ್ಯವಿದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ, ಪರಿವರ್ತಕಗಳಿವೆ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಕಡೆಯೆಲ್ಲ ಒಮ್ಮೆ ಕಣ್ಣಾಡಿಸಿ, ಅಲ್ಲೇ ತಪ್ಪುವುದು. ಫಾಂಟಿಗೆ ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಇವೆ. ಹುಬ್ಬಳ್ಳಿ ಹೆಸರಿನದೂ ಒಂದಿದೆ. ದಾವಣಗೆರೆ ಹೆಸರಿನದು ನನ್ನ ಕಣ್ಣಿಗೆ ಬಿದ್ದಿಲ್ಲ, ಯಾರಾದರೂ ಬರೆಯಿರಪ್ಪ.

ನನ್ನ ಕಂಪ್ಯೂಟರ್ ಹಳೆಯದು. ಕರೆಂಟೂ ಹೋಗ್ತಾ ಇರುತ್ತೆ.

8 ಜಿಬಿ ರ‍್ಯಾಮ್ ಇದ್ದರೆ ಕಲಿಯಲು ಸಾಕು. ಗ್ರಾಫಿಕ್ಸ್ ಕಾರ್ಡ್ ಸಣ್ಣದಿದ್ದರೆ ರೆಂಡರ್ ಮಾಡಲು, ಅಂದರೆ ಕೊನೆಯ ಚಿತ್ರ ತೆಗೆಯಲು, ಬ್ಲೆಂಡರಿನ ಸೈಕಲ್ಸ್ ಬದಲು ಈವೀ ಬಳಸಿ. ಬ್ಲೆಂಡರನ್ನು ಜಿಪ್ ಫೈಲಾಗಿ ಇಳಿಸಿ ಪೆನ್‌ಡ್ರೈವಿನಿಂದಲೇ ಓಡಿಸಬಹುದು. ಇಳಿಸಿದ ಮೇಲೆ ನೆಟ್ ಬೇಕಾಗಿಲ್ಲ.

ಕರೆಂಟ್ ವಿಷಯ ಮುಖ್ಯ. ನೇರವಾಗಿ ವಿಡಿಯೋ ಫೈಲಿಗೆ ರೆಂಡರ್ ಮಾಡಬೇಡಿ. 700 ಚೌಕಟ್ಟಿನಲ್ಲಿ 690ಕ್ಕೆ ಕರೆಂಟ್ ಹೋದರೆ ಎಲ್ಲವೂ ನೀರಲ್ಲಿ ಹೋಮ. ಪಿಎನ್‌ಜಿ ಚಿತ್ರಗಳಾಗಿ ರೆಂಡರ್ ಮಾಡಿ, ಔಟ್‌ಪುಟ್‌ನಲ್ಲಿ ಓವರ್‌ರೈಟ್ ಗುರುತು ತೆಗೆದುಬಿಡಿ. ಕರೆಂಟ್ ಬಂದ ಮೇಲೆ ನಿಂತ ಕಡೆಯಿಂದಲೇ ಮುಂದುವರಿಯುತ್ತದೆ. ಹೋಗುವಾಗ ಬರೆಯುತ್ತಿದ್ದ ಕೊನೆಯ ಚಿತ್ರ ಅರ್ಧ ಆಗಿರಬಹುದು, ಅದೊಂದನ್ನು ಅಳಿಸಿ ಶುರು ಮಾಡಿ.

ಬ್ಲೆಂಡರ್ ಕಲಿತರೆ ಬೆಂಗಳೂರಲ್ಲಿ ಕೆಲಸ ಸಿಗುತ್ತಾ?

ತಂದೆ ತಾಯಂದಿರು ಕೇಳುವ ಪ್ರಶ್ನೆ ಇದು. ದೊಡ್ಡ ಸ್ಟುಡಿಯೋಗಳಲ್ಲಿ ಮಾಯಾ, ಟೂನ್ ಬೂಮ್ ಹಾರ್ಮನಿ ಕೇಳುವುದೇ ಜಾಸ್ತಿ. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಡಿಗೆಯ ತೂಕ, ಕಣ್ಣಿನ ಚಲನೆ, ಸಮಯದ ಹಿಡಿತ ಇವು ಸಾಫ್ಟ್‌ವೇರಿನ ಜೊತೆ ಬದಲಾಗುವುದಿಲ್ಲ. ಅದನ್ನು ಕಲಿತವರು ಮಾಯಾಕ್ಕೆ ಕೆಲವೇ ವಾರದಲ್ಲಿ ಒಗ್ಗಿಕೊಳ್ಳುತ್ತಾರೆ. ಇನ್ನು ಬ್ಲೆಂಡರ್ ಅಂದರೆ ಹವ್ಯಾಸಿಗಳದು ಅನ್ನುವವರಿಗೆ ಒಂದೇ ಉತ್ತರ: 2025ರ ಮಾರ್ಚ್‌ನಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಪಡೆದ ಲಾಟ್ವಿಯಾದ 'ಫ್ಲೋ' ಬ್ಲೆಂಡರಿನಲ್ಲಿ ಮಾಡಿದ್ದು, ಅದೂ ಈವೀ ರೆಂಡರಿನಲ್ಲಿ.

ದೊಡ್ಡ ಸ್ಟುಡಿಯೋ ಸೇರಿದರೆ ಜೀವನ ಪೂರ್ತಿ ಭದ್ರ ಅಂತಲೂ ತಿಳಿಯಬೇಡಿ. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಸಮೂಹ ಕುಸಿದಾಗ ಬೆಂಗಳೂರಿನ ಕಚೇರಿಯೂ ಮುಚ್ಚಿತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಾಗೇ ಊರಿಗೆ ಬಂದು ಈಗ ಪಕ್ಕದ ಟೇಬಲಿನಲ್ಲಿ ಕೂತಿದ್ದಾನೆ. ರಿಗ್ ಕಟ್ಟುವುದರಲ್ಲಿ ನನಗಿಂತ ಗಟ್ಟಿಗ.

ನಾನು ಚಿತ್ರದುರ್ಗದವಳು. ಕೋಟೆಯನ್ನು ತ್ರೀಡಿಯಲ್ಲಿ ಮಾಡಬೇಕು. ದುಬಾರಿ ಸಾಫ್ಟ್‌ವೇರ್ ಬೇಕಾ?

ಬೇಡಮ್ಮ. ಫೋನಿನಲ್ಲಿ ಒಂದು ಬಂಡೆಯ ಸುತ್ತ ಅರವತ್ತು ಎಪ್ಪತ್ತು ಫೋಟೋ ತೆಗೆಯಿರಿ, ಒಂದರ ಮೇಲೊಂದು ಸ್ವಲ್ಪ ಸೇರುವ ಹಾಗೆ. ಮೆಶ್‌ರೂಮ್ ಎಂಬ ಓಪನ್ ಸೋರ್ಸ್ ಸಾಫ್ಟ್‌ವೇರಿಗೆ ಹಾಕಿ. ಅದು ಫೋಟೋಗಳಿಂದ ಆಕಾರ ಕಟ್ಟಿಕೊಡುತ್ತದೆ. ಎನ್‌ವಿಡಿಯಾ ಕಾರ್ಡ್ ಇದ್ದರೆ ಒಳ್ಳೆಯದು. ಬೆಳಿಗ್ಗೆ ಬೇಗ ಅಥವಾ ಮೋಡ ಇರುವ ದಿನ ಹೋಗಿ, ಗಾಢ ನೆರಳು ಬಿದ್ದರೆ ಮಾದರಿ ಕೆಡುತ್ತದೆ. ನಮ್ಮಲ್ಲಿಗೆ ಬರುವ ಹುಡುಗಿಯೊಬ್ಬಳು ಓಬವ್ವನ ಕಿಂಡಿಯನ್ನು ಹೀಗೇ ಮಾಡಿ ತಂದಳು. ಕಿಂಡಿ ಒಳಗೆ ಕತ್ತಲು, ಅಲ್ಲಿ ಆಕಾರ ಬರಲಿಲ್ಲ. ಆ ಭಾಗ ಕೈಯಿಂದ ಕಟ್ಟಿದಳು. ಒನಕೆ ಹಿಡಿದ ಕೈಯ ಚಲನೆಗೆ ತನ್ನ ಅಜ್ಜಿಯಿಂದ ರಾಗಿ ಕುಟ್ಟಿಸಿ ವಿಡಿಯೋ ಮಾಡಿಕೊಂಡು ಬಂದಿದ್ದಳು. ಇದನ್ನು ಯಾವ ಕಂಪನಿಯೂ ಮಾರುವುದಿಲ್ಲ ನೋಡಿ.

ಜಿಪಿಎಲ್ ಅಂದರೆ ನನ್ನ ವಿಡಿಯೋವನ್ನೂ ಎಲ್ಲರಿಗೂ ಬಿಟ್ಟುಕೊಡಬೇಕಾ?

ಇಲ್ಲ. ಲೈಸೆನ್ಸ್ ಸಾಫ್ಟ್‌ವೇರಿಗೆ ಮಾತ್ರ. ನೀವು ಮಾಡಿದ್ದು ನಿಮ್ಮದು, ಎಷ್ಟಕ್ಕೆ ಬೇಕಾದರೂ ಮಾರಿ. "ಬಿಟ್ಟಿ ಸಾಫ್ಟ್‌ವೇರಲ್ಲಿ ಮಾಡಿದ್ರಲ್ಲ, ರೇಟ್ ಕಮ್ಮಿ ಮಾಡಿ" ಅನ್ನುವ ಗಿರಾಕಿ ಸಿಗುತ್ತಾರೆ. ಅವರ ಅಂಗಡಿಯ ಗಾಳಿ ಬೆಳಕೂ ಬಿಟ್ಟಿಯೇ, ಸೀರೆ ರೇಟ್ ಕಮ್ಮಿ ಮಾಡುತ್ತಾರಾ ಕೇಳಿ.

ಯಾವಾಗ ಬದಲಿಸಲಿ?

ಕೆಲಸ ಕೈಯಲ್ಲಿರುವಾಗ ಬೇಡ. ಮದುವೆ ಸೀಸನ್, ದಸರಾ, ದೀಪಾವಳಿ ಬಿಟ್ಟುಬಿಡಿ. ಆಷಾಢ ಒಳ್ಳೆಯದು. ಮದುವೆ ಇರುವುದಿಲ್ಲ, ಗಿರಾಕಿ ಕಮ್ಮಿ. ಆ ತಿಂಗಳಲ್ಲಿ ಹಳೆಯದೊಂದು ಮುಗಿದ ಕೆಲಸವನ್ನು ಹೊಸ ಸಾಫ್ಟ್‌ವೇರಿನಲ್ಲಿ ಮೊದಲಿಂದ ಮಾಡಿ ನೋಡಿ. ಹೊಸ ಐಡಿಯಾ ಹಿಡಿಯಬೇಡಿ, ಆಗ ಎಡವಿದ್ದು ಐಡಿಯಾದಲ್ಲೋ ಸಾಫ್ಟ್‌ವೇರಿನಲ್ಲೋ ತಿಳಿಯುವುದಿಲ್ಲ. ನನಗೆ ಕೈ ಕೂರಲು ಮೂರು ತಿಂಗಳು ಹಿಡಿಯಿತು. ಮೊದಲ ವಾರ ಬೆರಳು ಹಳೆಯ ಕೀಲಿಗಳನ್ನೇ ಹುಡುಕುತ್ತಿತ್ತು. ಬ್ಲೆಂಡರ್ ಎಲ್‌ಟಿಎಸ್ ಆವೃತ್ತಿ ಹಾಕಿಕೊಳ್ಳಿ, ಎರಡು ವರ್ಷ ತಿದ್ದುಪಡಿ ಬರುತ್ತವೆ. ಪ್ರತಿ ಹೊಸ ಆವೃತ್ತಿಯ ಹಿಂದೆ ಓಡಬೇಕಾಗಿಲ್ಲ.

ಬಂದು ನೋಡಬಹುದಾ?

ಭಾನುವಾರ ಬೆಳಿಗ್ಗೆ ಬನ್ನಿ, ಬಾಗಿಲು ತೆಗೆದಿರುತ್ತೆ. ನಿಮ್ಮ ಹಳೆಯ ಫೈಲೊಂದನ್ನು ಪೆನ್‌ಡ್ರೈವಿನಲ್ಲಿ ತನ್ನಿ, ತೆರೆಯುತ್ತೋ ಇಲ್ಲವೋ ಕೂತು ನೋಡೋಣ. ಲ್ಯಾಪ್‌ಟಾಪ್ ಚಾರ್ಜ್ ಮಾಡಿಕೊಂಡು ಬನ್ನಿ. ಪ್ಲಗ್ ಪಾಯಿಂಟ್ ಎರಡೇ ಇವೆ, ಒಂದರಲ್ಲಿ ಯಾವಾಗಲೂ ರೆಂಡರ್ ಓಡ್ತಾ ಇರುತ್ತೆ.